ಬೇರಿರುವ ಕ್ರಿಸ್ಮಸ್ ಮರಕ್ಕಾಗಿ ಬೆಂಗಳೂರು ಸುತ್ತಿದ ಕಥೆ

ಜನವರಿಯ ಮೊದಲಲ್ಲಿ ಬರುವ ಮೂರು ರಾಯರ ಹಬ್ಬವೂ ಮುಗಿಯಿತು. ನಕ್ಷತ್ರದ ಗೂಡುದೀಪ ಅಟ್ಟ ಸೇರಿತು. ನೆನಪು ಹಸಿಯಾಗಿರುವಾಗಲೇ ಇದನ್ನೆಲ್ಲ ಬರೆದಿಡುತ್ತಿದ್ದೇನೆ. ಹಬ್ಬ ಮುಗಿದ ಮೇಲೂ ಬದುಕುವಂಥ, ಬೇರಿರುವ ಕ್ರಿಸ್ಮಸ್ ಮರ ಬೆಂಗಳೂರಿನಲ್ಲಿ ಬೇಕೆಂದರೆ ಎಲ್ಲಿ ಹೋಗಬೇಕು, ಗಿಡದಲ್ಲಿ ಏನನ್ನು ನೋಡಬೇಕು, ಎಷ್ಟು ದುಡ್ಡು ಎತ್ತಿಟ್ಟುಕೊಳ್ಳಬೇಕು, ಯಾರ ಅನುಮತಿ ಪಡೆಯಬೇಕು ಎಂದು ಒಂದೇ ಕಡೆ ಹೇಳುವವರು ನಮಗೆ ಯಾರೂ ಸಿಗಲಿಲ್ಲ. ಮುಂದಿನ ಡಿಸೆಂಬರಿನಲ್ಲಿ ಹೊರಡುವ ದಂಪತಿಗಳಿಗಾದರೂ ಈ ಅಲೆದಾಟ ತಪ್ಪಲಿ.

ಇಷ್ಟು ವರ್ಷ ಹಬ್ಬಕ್ಕೆ ನಾವು ಹಾರೋಬೆಲೆಗೆ ಹೋಗುತ್ತಿದ್ದೆವು. ಕನಕಪುರ ತಾಲ್ಲೂಕಿನ ಆ ಊರು ನನ್ನವರ ಹುಟ್ಟೂರು. ಈಸ್ಟರ್‌ಗೆ ಮುಂಚಿನ ತಪಸ್ಸುಕಾಲದಲ್ಲಿ ಬೆಟ್ಟದ ಬಳಿ ಆಡುವ ಯೇಸುವಿನ ಯಾತನೆಯ ನಾಟಕದಿಂದ ಅನೇಕರಿಗೆ ಪರಿಚಿತ. ಅಲ್ಲಿ ಮರ ಹುಡುಕುವ ಪ್ರಶ್ನೆಯೇ ಏಳುವುದಿಲ್ಲ. ಹಬ್ಬಕ್ಕೆ ಎರಡು ದಿನ ಮುಂಚೆ ಮಾವ ಪರಿಚಯದವರ ಸರ್ವೆ ಮರದ ತೋಪಿಗೆ ಹೋಗಿ ಆಳೆತ್ತರದ ಕೊಂಬೆಯೊಂದನ್ನು ಕಡಿದು ತರುತ್ತಾರೆ, ಮರಳು ತುಂಬಿದ ಬಕೆಟ್ಟಿನಲ್ಲಿ ನಿಲ್ಲಿಸುತ್ತಾರೆ, ಅಷ್ಟೇ. ನನ್ನ ತವರು ಬಂಟ್ವಾಳದ ಕಡೆ. ಅಲ್ಲಿಯೂ ಗಾಳಿಮರದ ಕೊಂಬೆಯೇ ಕ್ರಿಸ್ಮಸ್ ಮರ. ಕರಾವಳಿಯ ಗಾಳಿಮರ, ಈ ಕಡೆಯ ಸರ್ವೆ ಎರಡೂ ಒಂದೇ.

ಈ ಸಲ ಅತ್ತೆಗೆ ಮಂಡಿಯ ಶಸ್ತ್ರಚಿಕಿತ್ಸೆಯಾಯಿತು. ಜನವರಿಯವರೆಗೆ ಫಿಸಿಯೋಥೆರಪಿ ಬಿಡುವಂತಿಲ್ಲ ಎಂದು ವೈದ್ಯರು ಹೇಳಿದ್ದರಿಂದ ಅತ್ತೆ ಮಾವ ಇಬ್ಬರೂ ಬೆಂಗಳೂರಿನ ನಮ್ಮ ಬಾಡಿಗೆ ಫ್ಲಾಟಿನಲ್ಲಿ ಉಳಿದರು. ಮದುವೆಯಾದ ಮೇಲೆ ಮೊದಲ ಬಾರಿಗೆ ಹಬ್ಬ ನಮ್ಮ ಮನೆಯಲ್ಲಿ. ಊರು ಬಿಟ್ಟು ಹಬ್ಬ ಮಾಡುವ ಬೇಸರ ಅತ್ತೆಯ ಮುಖದಲ್ಲಿ ಕಾಣುತ್ತಿತ್ತು. ಒಳ್ಳೆಯ ಮರವೊಂದನ್ನು ತಂದು ನಿಲ್ಲಿಸಿದರೆ ಮನೆಗೆ ಹಬ್ಬದ ಕಳೆ ಬರುತ್ತದೆ ಎಂದು ನಾವಿಬ್ಬರೂ ಮಾತಾಡಿಕೊಂಡೆವು. ಅತ್ತೆಗೆ ಹೇಳಿದಾಗ ಅವರು ಅಂದದ್ದು ಒಂದೇ ಮಾತು: "ಗೋದಲಿ ಮೊದಲು ಆಗಲಿ ಕಣಮ್ಮ. ಮರ ಆಮೇಲೆ ನೋಡೋಣ." ಗೋದಲಿ ಎಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ಪುಟ್ಟ ಮಾದರಿ. ಅವರ ಲೆಕ್ಕದಲ್ಲಿ ಮರ ಅಲಂಕಾರ, ಗೋದಲಿ ಹಬ್ಬ. ಅದು ಸರಿಯೇ.

ಮೊದಲು ಯೋಚಿಸಿದ್ದು ಊರಿನಿಂದ ಸರ್ವೆ ಕೊಂಬೆಯನ್ನೇ ತರಿಸುವುದನ್ನು. ಕಾನೂನಿನ ತೊಡಕೇನಾದರೂ ಇದೆಯೇ ಎಂದು ನನ್ನವರು ವಿಚಾರಿಸಿದರು. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ಸ್ವಂತ ಜಮೀನಿನ ಮರ ಕಡಿಯಲೂ ಸಾಮಾನ್ಯವಾಗಿ ವೃಕ್ಷ ಅಧಿಕಾರಿಯ ಅನುಮತಿ ಬೇಕು. ಆದರೆ ಸರ್ವೆ, ತೆಂಗು, ನೀಲಗಿರಿ, ಸಿಲ್ವರ್ ಓಕ್, ಸುಬಾಬುಲ್‌ನಂಥ ಕೆಲವು ಜಾತಿಗಳಿಗೆ ಅದರಿಂದ ವಿನಾಯಿತಿ ಇದೆ. ಹಾಗಾಗಿ ತೋಪಿನ ಒಡೆಯರು ಒಪ್ಪಿದರೆ ಸರ್ವೆಗೆ ತೊಂದರೆಯಿಲ್ಲ. ಇದನ್ನು ಓದಿ ಯಾರೂ ಪಾರ್ಕಿನ ಮರಕ್ಕೋ ರಸ್ತೆ ಬದಿಯ ಮರಕ್ಕೋ ಮಚ್ಚು ಹಾಕಬೇಡಿ. ನಾನು ಹೇಳುತ್ತಿರುವುದು ಕಂಬಕ್ಕೆಂದೇ ಬೆಳೆಸಿದ ಖಾಸಗಿ ತೋಪಿನ ಮಾತು.

ನಮಗೆ ಅಡ್ಡ ಬಂದದ್ದು ಕಾನೂನಲ್ಲ, ಅತ್ತೆಯ ವಾಕರ್. ಕಡಿದ ಸರ್ವೆ ಕೊಂಬೆ ಮೂರ್ನಾಲ್ಕು ದಿನಕ್ಕೆ ಒಣಗಿ ಉದುರಲು ತೊಡಗುತ್ತದೆ. ನಾವು ಸೂಜಿ ಎಲೆ ಎನ್ನುವುದು ನಿಜಕ್ಕೂ ಎಲೆಯಲ್ಲ, ಗಿಣ್ಣುಗಿಣ್ಣಾಗಿರುವ ಸಣ್ಣ ಕಡ್ಡಿ. ನುಣುಪಾದ ಟೈಲ್ಸ್ ನೆಲದ ಮೇಲೆ ಅದು ಬಿದ್ದರೆ ಕಾಲು ಜಾರುತ್ತದೆ. ಊರಿನ ಮನೆಯ ಗಾರೆ ನೆಲದಲ್ಲಿ ಅದರ ಭಯವಿರಲಿಲ್ಲ. ಆಗಷ್ಟೇ ಹೆಜ್ಜೆ ಇಡಲು ಕಲಿಯುತ್ತಿರುವ ಮಂಡಿಗೆ ಅಂಥ ಅಪಾಯ ತಂದೊಡ್ಡುವುದು ಬೇಡ ಎಂದು ಆ ಯೋಚನೆ ಬಿಟ್ಟೆವು. ಮನೆಯಲ್ಲಿ ವಯಸ್ಸಾದವರೋ ಅಂಬೆಗಾಲಿಡುವ ಮಕ್ಕಳೋ ಇದ್ದರೆ ನೀವೂ ಇದನ್ನು ಮೊದಲು ಯೋಚಿಸಿ.

ಪ್ಲಾಸ್ಟಿಕ್ ಮರ ನೋಡಲಿಲ್ಲವೆಂದಲ್ಲ. ಶಿವಾಜಿನಗರದಲ್ಲಿ ರಸೆಲ್ ಮಾರ್ಕೆಟ್ಟಿನ ಸುತ್ತಮುತ್ತ ನವೆಂಬರ್ ಕೊನೆಗೇ ಅಂಗಡಿಗಳು ನಕ್ಷತ್ರ, ಗಂಟೆ, ಮರಗಳಿಂದ ತುಂಬಿ ಹೋಗುತ್ತವೆ. ಸಂತ ಮೇರಿ ಬೆಸಿಲಿಕಾದಲ್ಲಿ ಪೂಜೆ ಮುಗಿಸಿ ಅಲ್ಲೆಲ್ಲ ಸುತ್ತಿದೆವು. ಐದು ಅಡಿಯ, ನೋಡಲು ದಟ್ಟವಾದ ಮರಕ್ಕೆ ಎರಡೂವರೆ ಸಾವಿರದ ಮೇಲೆ ಹೇಳಿದರು. ಮುಟ್ಟಿದರೆ ಕೈಗೆ ಹಸಿರು ಚೂರು ಅಂಟಿತು. "ಇಷ್ಟು ದುಡ್ಡು ಕೊಡುವುದಾದರೆ ಉಸಿರಾಡುವ ಮರವನ್ನೇ ತರೋಣ" ಎಂದರು ನನ್ನವರು. ಅಲ್ಲಿಂದ ನರ್ಸರಿಗಳ ಸುತ್ತಾಟ ಶುರುವಾಯಿತು.

ನಮ್ಮೂರಿನ ನರ್ಸರಿಗಳಲ್ಲಿ ಕ್ರಿಸ್ಮಸ್ ಟ್ರೀ ಎಂದು ಕೇಳಿದರೆ ಕೊಡುವುದು ಬಹುಮಟ್ಟಿಗೆ ಅರೌಕೇರಿಯಾ. ಇದು ವಿದೇಶದ ಚಿತ್ರಗಳಲ್ಲಿ ಕಾಣುವ ಫರ್ ಅಥವಾ ಸ್ಪ್ರೂಸ್ ಅಲ್ಲ. ಅವು ಚಳಿ ದೇಶದ ಮರಗಳು, ನಮ್ಮ ಬಿಸಿಲಿಗೆ ಬಾಳುವುದಿಲ್ಲ. ಅರೌಕೇರಿಯಾದಲ್ಲಿ ಎರಡು ಬಗೆ ನಮ್ಮಲ್ಲಿ ಓಡಾಡುತ್ತವೆ: ಒಂದು ನಾರ್ಫೋಕ್ ದ್ವೀಪದ್ದು, ಇನ್ನೊಂದು ನ್ಯೂ ಕ್ಯಾಲಿಡೋನಿಯಾದ್ದು. ಎರಡೂ ದಕ್ಷಿಣ ಪೆಸಿಫಿಕ್ ಸಾಗರದ ದ್ವೀಪಗಳು; ನಾವಿಕ ಜೇಮ್ಸ್ ಕುಕ್ 1774ರ ಯಾನದಲ್ಲಿ ಎರಡು ಕಡೆಯೂ ಇಳಿದಿದ್ದ. ಸಣ್ಣ ಗಿಡವಾಗಿದ್ದಾಗ ಇವೆರಡನ್ನೂ ಗುರುತಿಸುವುದು ಬಲ್ಲವರಿಗೇ ಕಷ್ಟ, ನರ್ಸರಿಯವರು ಒಂದರ ಹೆಸರಿನಲ್ಲಿ ಇನ್ನೊಂದನ್ನು ಕೊಡುವುದುಂಟು. ಕುಂಡದಲ್ಲಿ ಕೆಲವು ವರ್ಷ ಇಟ್ಟುಕೊಳ್ಳಲು ಎರಡೂ ಆದೀತು, ಅದಕ್ಕಾಗಿ ತಲೆ ಕೆಡಿಸಿಕೊಳ್ಳಬೇಕಿಲ್ಲ. ಬೆಳೆದರೆ ಏನಾಗುತ್ತದೆ ಎಂದು ನೋಡಬೇಕಿದ್ದರೆ ಲಾಲ್‌ಬಾಗಿಗೆ ಹೋಗಿ. ಅಲ್ಲಿ ಬೆಳೆದು ನಿಂತ ಅರೌಕೇರಿಯಾಗಳಿವೆ. ಬುಡದಲ್ಲಿ ನಿಂತು ತಲೆಯೆತ್ತಿದಾಗ ನಾವು ಮನೆಗೆ ಕರೆತರಲು ಹೊರಟಿರುವುದು ಎಂಥ ಜೀವವನ್ನು ಎಂದು ತಿಳಿಯಿತು.

ಮೊದಲ ಪೆಟ್ಟು ಬಿದ್ದದ್ದು ಮನೆ ಹತ್ತಿರದ ನರ್ಸರಿಯೊಂದರಲ್ಲಿ. ಚೆನ್ನಾದ ಐದಡಿ ಗಿಡ, 3,200 ರೂಪಾಯಿ. ಐನೂರು ಮುಂಗಡ ಕೊಟ್ಟು, ಕೊಂಬೆಗೆ ನಮ್ಮ ಹೆಸರಿನ ಚೀಟಿ ಕಟ್ಟಿಸಿ ಬಂದೆವು. ಅದಕ್ಕೆ ಕಾರಣವೂ ಇತ್ತು: ಮನೆಯಲ್ಲಿ ಜಾಗ ಮಾಡಿಕೊಳ್ಳಲು ವಾರ ಬೇಕಿತ್ತು. ಮುಂದಿನ ಶನಿವಾರ ಹೋದರೆ ಗಿಡವೂ ಇಲ್ಲ, ಚೀಟಿಯೂ ಇಲ್ಲ. ಯಾವುದೋ ಕಚೇರಿಯವರು ಒಟ್ಟಿಗೆ ಅಷ್ಟೂ ಗಿಡಗಳನ್ನು ಕೊಂಡು ಹೋಗಿದ್ದರಂತೆ. "ಬೇರೆ ತರಿಸಿ ಕೊಡುತ್ತೇನೆ ಮೇಡಂ, ಎರಡು ದಿನ" ಎಂದರು. ಎರಡು ದಿನ ವಾರವಾಯಿತು. ಫೋನ್ ಮಾಡಿದಾಗಲೆಲ್ಲ ಗಾಡಿ ದಾರಿಯಲ್ಲಿದೆ ಎಂಬ ಉತ್ತರ. ಕ್ರಿಸ್ಮಸ್‌ಗೆ ಮುಂಚಿನ ಆಗಮನ ಕಾಲದ ಭಾನುವಾರಗಳು ಒಂದೊಂದಾಗಿ ಸರಿಯುತ್ತಿದ್ದವು, ಚರ್ಚಿನಲ್ಲಿ ಮೇಣದ ಬತ್ತಿಗಳು ಒಂದೊಂದಾಗಿ ಹೊತ್ತುತ್ತಿದ್ದವು, ನಮ್ಮ ಹಾಲಿನ ಮೂಲೆ ಖಾಲಿಯೇ ಇತ್ತು. ಕೊನೆಗೆ ನನ್ನವರು ಹೋಗಿ ಕೂತು ಮುಂಗಡ ವಾಪಸು ತಂದರು. ರಸೀದಿ ಬರೆಸಿಕೊಂಡಿದ್ದರಿಂದ ಅಷ್ಟಾದರೂ ಆಯಿತು. ಮುಂಗಡ ಕೊಡುವುದಿದ್ದರೆ ಗಿಡದ ಎತ್ತರ, ಬೆಲೆ, ಒಯ್ಯುವ ದಿನ ಮೂರನ್ನೂ ರಸೀದಿಯಲ್ಲಿ ಬರೆಸಿ, ಗಿಡದ ಪಕ್ಕ ರಸೀದಿ ಹಿಡಿದು ಫೋಟೊ ತೆಗೆದುಕೊಳ್ಳಿ.

ಆಮೇಲೆ ಲಾಲ್‌ಬಾಗಿನ ಒಳಗಿನ ನರ್ಸರಿ ಮಳಿಗೆ, ಅಲ್ಲಿಂದ ಹತ್ತಿರದ ಸಿದ್ಧಾಪುರದ ನರ್ಸರಿಗಳ ಸಾಲು. ಸಿದ್ಧಾಪುರಕ್ಕೆ ಹೋಗುವುದಾದರೆ ಬೆಳಿಗ್ಗೆಯೇ ಹೋಗಿ; ಗಿಡಗಳಿಗೆ ನೀರು ಬಿಟ್ಟಿರುತ್ತಾರೆ, ಮಾತಾಡಲು ಮಾಲಿಗಳಿಗೂ ಪುರುಸೊತ್ತಿರುತ್ತದೆ. ಅಲ್ಲಿ ಒಂದು ಸಂಗತಿ ಕಣ್ಣಿಗೆ ಬಿತ್ತು. ತುಂಬ ದಟ್ಟವಾಗಿ, ಬುಡದಿಂದ ತುದಿಯವರೆಗೆ ಹಸಿರು ತುಂಬಿಕೊಂಡಿದ್ದ ಗಿಡವೊಂದರ ಬುಡದಲ್ಲಿ ಕೊಂಬೆ ಸರಿಸಿ ನೋಡಿದರೆ ಒಂದಲ್ಲ, ನಾಲ್ಕು ಕಾಂಡಗಳು. ಸಣ್ಣ ಸಸಿಗಳನ್ನು ಒಂದೇ ಕುಂಡದಲ್ಲಿ ಒತ್ತೊತ್ತಾಗಿ ನೆಟ್ಟು ಬೆಳೆಸಿದ್ದು. ನೋಡಲು ಅಂದ, ಮಾರಾಟಕ್ಕೂ ಸುಲಭ. ಆದರೆ ಬೆಳೆಯುತ್ತ ಹೋದಂತೆ ಬೇರುಗಳು ಒಂದನ್ನೊಂದು ಹಿಂಡುತ್ತವೆ, ಒಳಮುಖದ ಕೊಂಬೆಗಳು ಬೆಳಕಿಲ್ಲದೆ ಕಂದುತ್ತವೆ. ಬಿಡಿಸಿ ಬೇರೆ ಬೇರೆ ನೆಡಲು ಹೋದರೆ ಬೇರು ಹರಿಯುತ್ತದೆ. ಎರಡು ವಾರದ ಅಂದ ಸಾಕೆನ್ನುವವರು ಕೊಳ್ಳಲಿ. ಬದುಕಿಸಬೇಕು ಎನ್ನುವವರು ಬುಡ ನೋಡದೆ ದುಡ್ಡು ಕೊಡಬೇಡಿ.

ಇನ್ನೊಂದು ಕಡೆ ಕಡಿಮೆ ಬೆಲೆಯ ಎತ್ತರದ ಗಿಡವಿತ್ತು. ಕಾಂಡ ಹಿಡಿದು ಮೆಲ್ಲಗೆ ಅಲುಗಿಸಿದರೆ ಮಣ್ಣಿನ ಹೆಂಟೆಯೇ ಚೀಲದೊಳಗೆ ತಿರುಗಿತು. ಹೊಲದಲ್ಲಿ ಬೆಳೆದದ್ದನ್ನು ಹಬ್ಬದ ಹಂಗಾಮಿಗೆಂದು ಅಗೆದು ಗೋಣಿಯಲ್ಲಿ ಕಟ್ಟಿದ ಗಿಡ. ಅಂಥದ್ದರ ತಾಯಿಬೇರು ತುಂಡಾಗಿರುತ್ತದೆ. ಹಬ್ಬದ ತನಕ ಹಸಿರಾಗಿ ನಿಂತು, ಜನವರಿಯಲ್ಲಿ ಕೆಳಗಿನಿಂದ ಒಣಗುತ್ತದೆ. ಮತ್ತೊಂದರಲ್ಲಿ ಸುಳಿಯೇ ಮುರಿದಿತ್ತು. ಮಾಲಿ "ಮತ್ತೆ ಚಿಗುರುತ್ತದೆ ಸರ್" ಎಂದರು. ಮಾವನಿಗೆ ಫೋನ್ ಮಾಡಿ ಕೇಳಿದಾಗ ಸುಳಿ ಹೋದ ಗಿಡ ಬೇಡವೇ ಬೇಡ ಎಂದರು. ತೆಂಗು ಅಡಿಕೆ ನೋಡಿದವರ ಮಾತು ಅದು. ಅರೌಕೇರಿಯಾಕ್ಕೂ ಆ ಮಾತು ಹೆಚ್ಚುಕಡಿಮೆ ಸಲ್ಲುತ್ತದೆ. ಪಕ್ಕದ ಕೊಂಬೆ ಎದ್ದು ನಿಂತು ಸುಳಿಯ ಜಾಗ ತುಂಬುವುದಿಲ್ಲ, ಅದು ಅಡ್ಡಡ್ಡವಾಗಿಯೇ ಬೆಳೆಯುತ್ತದೆ. ಆ ಚೆಂದದ ಗೋಪುರದ ಆಕಾರ ಅಲ್ಲಿಗೆ ಮುಗಿಯಿತು. ಹಾಗೆಯೇ ಒಮ್ಮೆ ಉದುರಿದ ಕೆಳಗಿನ ಕೊಂಬೆ ಮತ್ತೆ ಬರುವುದಿಲ್ಲ.

ಡಿಸೆಂಬರ್ ಎರಡನೆಯ ವಾರಕ್ಕೆ ಬೆಲೆ ಏರತೊಡಗಿತು. ನವೆಂಬರಿನಲ್ಲಿ ಎರಡು ಸಾವಿರ ಹೇಳಿದ್ದ ಗಾತ್ರಕ್ಕೆ ಈಗ ಮೂರೂವರೆ, ನಾಲ್ಕು. ನಾನು ಕೈಚೆಲ್ಲುವ ಹಂತಕ್ಕೆ ಬಂದಿದ್ದೆ. ಕಚೇರಿ, ಆಸ್ಪತ್ರೆ, ಮನೆಯಲ್ಲಿ ಕುಸ್ವಾರಿನ, ಎಂದರೆ ಕ್ರಿಸ್ಮಸ್ ತಿಂಡಿಗಳ ಕೆಲಸ. ಕರಿಗಡುಬಿನಂಥ ನೆವ್ರಿಗೆ ಹೂರಣ ಹುರಿಯಬೇಕು, ಅತ್ತೆಯ ಊರಿನ ಕಜ್ಜಾಯಕ್ಕೆ ಅಕ್ಕಿ ನೆನೆಸಬೇಕು. ಅದರ ನಡುವೆ ಮರದ ಹುಡುಕಾಟ. ಒಂದು ರಾತ್ರಿ ಸುಸ್ತಾಗಿ ಕೂತಾಗ "ಈ ವರ್ಷ ಬೇಡ ಬಿಡಿ" ಎಂದೆ. ನನ್ನವರು ವಾದ ಮಾಡಲಿಲ್ಲ. ಮರುದಿನ ಅತ್ತೆಯನ್ನು ಫಿಸಿಯೋಥೆರಪಿಗೆ ಕರೆದೊಯ್ದಾಗ, ಅಲ್ಲಿ ಕಾಯುತ್ತಿದ್ದ ಇನ್ನೊಬ್ಬ ರೋಗಿಯ ಮಗ ಹೊಸಕೋಟೆ ದಾರಿಯಲ್ಲಿ ಬರೀ ಸಗಟು ವ್ಯಾಪಾರ ಮಾಡುವ ನರ್ಸರಿಯೊಂದಿದೆ, ಬೇರೆ ನರ್ಸರಿಗಳಿಗೆ ಗಿಡ ಹೋಗುವುದೇ ಅಲ್ಲಿಂದ ಎಂದರಂತೆ. ಮನೆಗೆ ಬಂದು ಅತ್ತೆಯೇ ಹೇಳಿದರು: "ಇಷ್ಟು ದೂರ ಹುಡುಕಿದ್ದೀರಿ, ಅದನ್ನೂ ನೋಡಿಬಿಡಿ."

ಅಲ್ಲಿನ ಮಾಲೀಕರು ಬಿಡಿ ಮಾರಾಟ ಇಲ್ಲವೆಂದರು. ಅತ್ತೆಯ ಕಥೆ ಹೇಳಿದ ಮೇಲೆ ಒಳಗೆ ಬಿಟ್ಟರು. ಹಸಿರು ನೆರಳು ಬಲೆಯ ಕೆಳಗೆ ಸಾಲುಸಾಲು ಅರೌಕೇರಿಯಾ. ನಾವು ಎತ್ತರ ನೋಡುತ್ತಿದ್ದರೆ ಅವರು ತೋರಿಸಿದ್ದು ಬೇರನ್ನು. ಐದೂವರೆ ಅಡಿಯ ಗಿಡವೊಂದನ್ನು ಇಬ್ಬರು ಹುಡುಗರಿಂದ ಅಡ್ಡ ಮಲಗಿಸಿ, ಚೀಲದ ಅಂಚನ್ನು ಬ್ಲೇಡಿನಿಂದ ಅಂಗೈಯಗಲ ಸೀಳಿದರು. ಕಪ್ಪು ಮಣ್ಣು, ತೆಂಗಿನ ನಾರಿನ ಪುಡಿಯ ನಡುವೆ ಬಿಳಿ ತುದಿಯ ಎಳೆ ಬೇರುಗಳು ಹರಡಿಕೊಂಡಿದ್ದವು. "ಇದು ಚೀಲದಲ್ಲೇ ಬೆಳೆದದ್ದು ಅಮ್ಮ. ಬೇರು ಕಂದಾಗಿದ್ದರೆ, ಸುರುಳಿ ಸುತ್ತಿದ್ದರೆ ತೆಗೆದುಕೊಳ್ಳಬೇಡಿ" ಎಂದರು. ಕೊಂಬೆಯ ಕಂಕುಳಲ್ಲಿ ಹತ್ತಿಯಂಥ ಬಿಳಿ ಅಂಟು ಇದೆಯೇ, ಕಾಂಡದ ಮೇಲೆ ಇರುವೆ ಸಾಲು ಹೋಗುತ್ತಿದೆಯೇ ನೋಡಲು ಹೇಳಿದರು; ಅದು ಹಿಟ್ಟು ತಿಗಣೆಯ ಗುರುತು, ಮನೆಯ ಇತರ ಗಿಡಗಳಿಗೂ ಹಬ್ಬುತ್ತದೆ. ಒಂದೇ ಕಾಂಡ, ಗಟ್ಟಿ ಸುಳಿ, ಬುಡದ ಸುತ್ತಿನ ಕೊಂಬೆಗಳೆಲ್ಲ ಇದ್ದವು. 2,600 ರೂಪಾಯಿ. ಚೌಕಾಸಿ ಮಾಡಲು ಮನಸ್ಸಾಗಲಿಲ್ಲ. ಅಷ್ಟು ತಿಳಿಸಿಕೊಟ್ಟವರ ಹತ್ತಿರ ಇನ್ನೂರು ರೂಪಾಯಿಗೆ ಜಗ್ಗಾಡುವುದು ಸರಿಯಲ್ಲ ಅನ್ನಿಸಿತು.

ಸಿಮೆಂಟ್ ಕುಂಡ ಬೇಡ, ಫೈಬರ್ ಕುಂಡ ಕೊಳ್ಳಿ. ಮಣ್ಣು ತುಂಬಿದ ಮೇಲೆ ಗಿಡ ಎತ್ತಲು ಇಬ್ಬರಾದರೂ ಬೇಕಾಗುತ್ತದೆ, ಅದಕ್ಕೆ ಸಿಮೆಂಟಿನ ಭಾರವೂ ಸೇರಿದರೆ ಆಗದ ಮಾತು. ಕುಂಡ ಬದಲಿಸುವ ಕೆಲಸವನ್ನು ಹಬ್ಬಕ್ಕೆ ಮುಂಚೆ ಮಾಡಬೇಡಿ ಎಂದೂ ಅವರೇ ಹೇಳಿದರು. ಸಾಗಾಟ, ಮನೆಯೊಳಗಿನ ಮಂದ ಬೆಳಕು, ಜತೆಗೆ ಬೇರಿನ ಅಲುಗಾಟ, ಮೂರೂ ಒಟ್ಟಿಗೆ ಬಿದ್ದರೆ ಗಿಡ ಸೊರಗುತ್ತದೆ. ಚೀಲ ಸಮೇತ ಹೊಸ ಕುಂಡದೊಳಗೆ ಇಳಿಸಿಟ್ಟು, ಜನವರಿಯಲ್ಲಿ ಚೀಲ ಸೀಳಿ ಮಣ್ಣು ತುಂಬಿದರಾಯಿತು. ಅಲ್ಲಿಯವರೆಗೆ ಸೀಳಿದ ಜಾಗಕ್ಕೆ ಟೇಪು ಸುತ್ತಿಕೊಟ್ಟರು.

ಸಾಗಾಟಕ್ಕೆ ಮೂರು ಚಕ್ರದ ಸರಕು ಆಟೊ ಹಿಡಿದೆವು, 1,100 ರೂಪಾಯಿ. ಹಳೆಯ ಪಂಚೆಯಿಂದ ಕೊಂಬೆಗಳನ್ನು ಕೆಳಗಿನಿಂದ ಮೇಲಕ್ಕೆ ಎತ್ತಿ ಸಡಿಲವಾಗಿ ಸುತ್ತಬೇಕು. ಹಗ್ಗ ನೇರವಾಗಿ ಬಿಗಿದರೆ ಕೊಂಬೆ ಸೀಳುತ್ತದೆ. ಮೇಲೆ ನೆರಳು ಬಲೆಯ ತುಂಡೊಂದನ್ನು ಹೊದಿಸಿ. ಹೆದ್ದಾರಿಯ ಗಾಳಿ ಅಷ್ಟು ದೂರ ಬಡಿದರೆ ಎಳೆ ತುದಿಗಳು ಸುಟ್ಟಂತಾಗುತ್ತವೆ. ನನ್ನವರು ಗಿಡದ ಜತೆ ಹಿಂದೆಯೇ ಕೂತು ಬಂದರು.

ಇಷ್ಟೆಲ್ಲ ಆದ ಮೇಲೆ ತಡೆದದ್ದು ನಮ್ಮದೇ ಅಪಾರ್ಟ್‌ಮೆಂಟಿನ ಗೇಟು. ಅಂದು ಭಾನುವಾರ. ಭಾನುವಾರ ದೊಡ್ಡ ಸಾಮಾನು ಸಾಗಿಸುವಂತಿಲ್ಲ, ಸರ್ವಿಸ್ ಲಿಫ್ಟಿಗೆ ಮೊದಲೇ ಅರ್ಜಿ ಕೊಟ್ಟಿರಬೇಕು, ಬಾಡಿಗೆದಾರರು ಬಾಲ್ಕನಿಯಲ್ಲಿ ದೊಡ್ಡ ಕುಂಡ ಇಡುವುದಾದರೆ ಮನೆ ಮಾಲೀಕರ ಲಿಖಿತ ಒಪ್ಪಿಗೆ ಬೇಕು. ಕಾವಲುಗಾರರು ತಮ್ಮ ಕೆಲಸ ಮಾಡುತ್ತಿದ್ದರು, ಅವರ ಮೇಲೆ ಕೋಪವಿಲ್ಲ. ಆದರೆ ಈ ನಿಯಮವನ್ನು ಸೂಚನಾ ಫಲಕದಲ್ಲಿ ಒಂದು ಸಾಲು ಬರೆದು ಹಾಕಿದ್ದರೆ ನಾವು ಶನಿವಾರವೇ ತರುತ್ತಿದ್ದೆವು. ಆಟೊದವರಿಗೆ ಬೇರೆ ಬಾಡಿಗೆ ಇತ್ತು. ಗಿಡವನ್ನು ಗೇಟಿನ ಪಕ್ಕ ಇಳಿಸಿ ಹೊರಟರು. ಮನೆ ಮಾಲೀಕರು ಅಮೆರಿಕದಲ್ಲಿ, ಅಲ್ಲಿ ಇನ್ನೂ ಬೆಳಗಾಗಿರಲಿಲ್ಲ. ಸಂದೇಶ ಕಳಿಸಿ ಕಾಯುವುದೊಂದೇ ಉಳಿದದ್ದು.

ಆ ಸಂಜೆಯನ್ನು ಮರೆಯಲಾರೆ. ಮಾವ ಮನೆಯಿಂದ ಪ್ಲಾಸ್ಟಿಕ್ ಕುರ್ಚಿ ತಂದು ಮರದ ಪಕ್ಕ ಹಾಕಿಕೊಂಡು ಕೂತರು. ಬಂದುಹೋಗುವ ಮಕ್ಕಳು ಪಂಚೆ ಸುತ್ತಿದ್ದ ಮರ ಯಾವುದು ಎಂದು ಕೇಳಿದರೆ ತಾಳ್ಮೆಯಿಂದ ಹೇಳಿದರು. ನಾನು ಮೇಲೆ ಕೆಳಗೆ ಓಡಾಡಿ, ಅರ್ಜಿ ತುಂಬಿ, ಲಿಫ್ಟಿಗೆ ಎರಡು ಸಾವಿರ ಠೇವಣಿ ಕಟ್ಟಿದೆ (ಆಮೇಲೆ ಹಿಂದಿರುಗಿಸಿದರು). ಕತ್ತಲಾದ ಮೇಲೆ ಮಾಲೀಕರ ಮೇಲ್ ಬಂತು. ಒಂದೇ ಷರತ್ತು: ಕುಂಡದ ಕೆಳಗೆ ತಟ್ಟೆ ಇರಬೇಕು, ನೀರು ಕೆಳಗಿನ ಮನೆಗೆ ಇಳಿಯಬಾರದು. ಅಷ್ಟರಲ್ಲಿ ಸಂಘದ ಕಾರ್ಯದರ್ಶಿಯೂ ಇಳಿದು ಬಂದು, ಮಾವನನ್ನು ಮಾತಾಡಿಸಿ, ಆ ಒಂದು ದಿನಕ್ಕೆ ವಿನಾಯಿತಿ ಕೊಟ್ಟರು. ಎತ್ತಲು ಬಂದ ಇಬ್ಬರಿಗೆ 400 ರೂಪಾಯಿ. ಬಾಡಿಗೆ ಮನೆಯಲ್ಲಿರುವವರು ಗಿಡ ಕೊಳ್ಳುವ ಮೊದಲೇ ಮಾಲೀಕರಿಂದ ಎರಡು ಸಾಲಿನ ಮೇಲ್ ತರಿಸಿ ಮೊಬೈಲಿನಲ್ಲಿ ಇಟ್ಟುಕೊಳ್ಳಿ. ಲಿಫ್ಟಿನ ಬಾಗಿಲಿನ ಎತ್ತರವನ್ನೂ ಅಳೆದುಕೊಳ್ಳಿ. ಕುಂಡ ಸೇರಿ ಏಳಡಿ ಮೀರಿದರೆ ಓರೆಯಾಗಿ ಹಿಡಿದು ನುಗ್ಗಿಸಬೇಕಾಗುತ್ತದೆ, ಆಗಲೇ ಸುಳಿ ಮುರಿಯುವುದು. ಒಬ್ಬರು ಸುಳಿಯನ್ನು ಕೈಯಲ್ಲಿ ಕಾಪಾಡಿಕೊಂಡೇ ಇರಬೇಕು. ನಮ್ಮಲ್ಲಿ ಆ ಕೆಲಸ ನನ್ನದಾಗಿತ್ತು.

ಮನೆಯೊಳಗೆ ಕಿಟಕಿಯ ಬಳಿ, ಫ್ಯಾನಿನ ನೇರ ಗಾಳಿ ಬಡಿಯದ ಕಡೆ ನಿಲ್ಲಿಸಿದೆವು. ನೀರಿನ ಲೆಕ್ಕ ಸರಳ: ಬೆರಳನ್ನು ಮಣ್ಣಿಗೆ ಒಂದು ಗೆಣ್ಣು ಇಳಿಸಿ, ಒಣಗಿದ್ದರೆ ಹಾಕಿ, ತೇವವಿದ್ದರೆ ಬಿಡಿ. ಅರೌಕೇರಿಯಾದ ಕೊಂಬೆಗಳು ಮೆದು, ಭಾರದ ಗಾಜಿನ ಗೋಲಿಗಳಿಗೆ ಬಾಗಿಬಿಡುತ್ತವೆ. ನಾವು ಕಾಗದದ ನಕ್ಷತ್ರ, ಹತ್ತಿ, ಹಗುರವಾದ ಗಂಟೆ ಮಾತ್ರ ಕಟ್ಟಿದೆವು. ದೀಪಕ್ಕೆ ಎಲ್‌ಇಡಿ ಸರವನ್ನೇ ತೆಗೆದುಕೊಳ್ಳಿ, ಬಿಸಿಯಾಗುವ ಹಳೆಯ ಬಲ್ಬಿನ ಸರ ಎಲೆ ಸುಡುತ್ತದೆ. ಸಾಲದ್ದಕ್ಕೆ ನೀರು ಹಾಕುವಾಗ ಪ್ಲಗ್ ಕಿತ್ತಿಡುವುದನ್ನು ಮರೆಯಬೇಡಿ.

ಒಂದು ಕೊರತೆ ಉಳಿದಿತ್ತು, ಅದನ್ನು ಅತ್ತೆಯೇ ಹೇಳಿದರು. ಮರ ಚೆನ್ನಾಗಿದೆ, ಆದರೆ ಊರಿನ ಹಬ್ಬದ ವಾಸನೆ ಇಲ್ಲ. ಅರೌಕೇರಿಯಾಕ್ಕೆ ಹೇಳಿಕೊಳ್ಳುವಂಥ ಪರಿಮಳವಿಲ್ಲ, ನಿಜ. ಇಪ್ಪತ್ತಮೂರರಂದು ನನ್ನವರ ಚಿಕ್ಕಪ್ಪ ಊರಿನಿಂದ ಬರುವಾಗ ಒಂದು ಹಿಡಿ ಸರ್ವೆ ಕಡ್ಡಿ, ಒಣಹುಲ್ಲು ತಂದರು. ಸರ್ವೆ ಗೋದಲಿಯ ಮಾಡಿಗೆ ಹೋಯಿತು. ಮೇಜಿನ ಮೇಲಿದ್ದುದರಿಂದ ನೆಲಕ್ಕೆ ಉದುರುವ ಭಯವಿಲ್ಲ. ಹತ್ತು ದಿನ ಮುಂಚೆಯೇ ಅತ್ತೆ ತಟ್ಟೆಗಳಲ್ಲಿ ಒದ್ದೆ ಬಟ್ಟೆ ಹಾಸಿ ರಾಗಿ ಬಿತ್ತಿದ್ದರು. ಅದು ಬೆರಳುದ್ದ ಎದ್ದು, ತುದಿಗಳಲ್ಲಿ ನೀರಿನ ಹನಿ ಹಿಡಿದು ನಿಂತಿತ್ತು. ಅದನ್ನು ಗೋದಲಿಯ ಸುತ್ತ ಹೊಲದಂತೆ ಜೋಡಿಸಿ, ಕುರಿಗಳನ್ನು ನಿಲ್ಲಿಸಿ, ವಾಕರ್ ಬದಿಗಿಟ್ಟು ಕುರ್ಚಿಯಲ್ಲಿ ಕೂತು ಕೊನೆಗೆ ತಾವೇ ಬಾಲಯೇಸುವನ್ನು ಇಟ್ಟರು. ಮಧ್ಯರಾತ್ರಿ ಪೂಜೆಗೆ ಅವರನ್ನು ಕರೆದೊಯ್ಯಲಾಗಲಿಲ್ಲ. ಮನೆಯಲ್ಲೇ ಗೋದಲಿಯ ಮುಂದೆ ಜಪಸರ ಹೇಳಿ ಹಾಡಿದೆವು.

ಖರ್ಚಿನ ಲೆಕ್ಕ ಕೇಳುವವರಿಗೆ: ಗಿಡ 2,600, ಫೈಬರ್ ಕುಂಡ 900, ಮಣ್ಣು ಗೊಬ್ಬರ 250, ಆಟೊ 1,100, ಎತ್ತುವ ಕೂಲಿ 400, ದೀಪದ ಸರ 450, ಕುಂಡದ ತಟ್ಟೆ 200. ಒಟ್ಟು 5,900 ರೂಪಾಯಿ. ನವೆಂಬರ್ ಮೊದಲ ವಾರವೇ ಮೂರಡಿಯ ಗಿಡ ಕೊಂಡು ನಿಮ್ಮದೇ ಕಾರಿನಲ್ಲಿ ತಂದರೆ ಇದರ ಅರ್ಧದಲ್ಲಿ ಮುಗಿಯುತ್ತದೆ. ಈಗ ನನ್ನ ಸಲಹೆ ಅದೇ. ಸಣ್ಣ ಗಿಡ ಹೊಸ ಜಾಗಕ್ಕೆ ಬೇಗ ಹೊಂದಿಕೊಳ್ಳುತ್ತದೆ, ಸ್ಟೂಲಿನ ಮೇಲೆ ಇಟ್ಟರೆ ಎತ್ತರವೂ ಬರುತ್ತದೆ.

ಹಬ್ಬದ ನಂತರ ಗಿಡವನ್ನು ಒಮ್ಮೆಲೇ ಬಿಸಿಲಿಗೆ ತಳ್ಳಬೇಡಿ. ನಾವು ಮೊದಲು ಬಾಲ್ಕನಿಯ ನೆರಳಿನ ಮೂಲೆ, ಆಮೇಲೆ ಬೆಳಗಿನ ಎಳೆ ಬಿಸಿಲು ಎಂದು ಹಂತಹಂತವಾಗಿ ಸರಿಸುತ್ತಿದ್ದೇವೆ. ವಾರಕ್ಕೊಮ್ಮೆ ಕುಂಡವನ್ನು ಕಾಲು ಸುತ್ತು ತಿರುಗಿಸಬೇಕು, ಇಲ್ಲದಿದ್ದರೆ ಬೆಳಕಿನ ಕಡೆಗೇ ವಾಲುತ್ತದೆ. ನ್ಯೂ ಕ್ಯಾಲಿಡೋನಿಯಾದ ಬಗೆಯಂತೂ ನೆಲದಲ್ಲಿ ಬೆಳೆದರೂ ವಾಲುವ ಜಾತಿ. 2017ರಲ್ಲಿ ಪ್ರಕಟವಾದ ಅಧ್ಯಯನವೊಂದು ಆ ಮರಗಳು ಭೂಮಧ್ಯರೇಖೆಯ ದಿಕ್ಕಿಗೆ ಸರಾಸರಿ 8.5 ಡಿಗ್ರಿಯಷ್ಟು ಓರೆಯಾಗುತ್ತವೆ ಎಂದು ತೋರಿಸಿತ್ತು. ಎಂದರೆ ನಮ್ಮಲ್ಲಿ ದಕ್ಷಿಣಕ್ಕೆ.

ಎರಡು ಮೂರು ವರ್ಷಕ್ಕೆ ಈ ಕುಂಡ ಸಾಲದಾಗುತ್ತದೆ. ಮನೆ ಗೋಡೆಯ ಪಕ್ಕ, ವಿದ್ಯುತ್ ತಂತಿಯ ಕೆಳಗೆ ನೆಡುವ ಮರ ಇದಲ್ಲ. ಮಾವ ಆಗಲೇ ಊರಿನಲ್ಲಿ ಜಾಗ ಗೊತ್ತು ಮಾಡಿದ್ದಾರೆ: ಬಾವಿಯಿಂದ ಆಚೆ, ದನದ ಕೊಟ್ಟಿಗೆಯಿಂದಲೂ ದೂರ, ದಕ್ಷಿಣಕ್ಕೆ ಬಾಗಿದರೂ ಯಾರ ಮಾಡಿಗೂ ತಾಗದ ಕಡೆ. ಮುಂಗಾರು ಹಿಡಿದ ಮೇಲೆ ನೆಡಬೇಕು, ಮೊದಲ ಎರಡು ಬೇಸಿಗೆ ನೀರು ಹಾಕಬೇಕು ಎಂದು ಚಿಕ್ಕಪ್ಪನಿಗೆ ಈಗಿನಿಂದಲೇ ಹೇಳಿ ಇಟ್ಟಿದ್ದಾರೆ.